ನಾಲೆ ಏರಿ ಸೈಕಲ್ಲಿಗಿರಲಿ, ಮೇಲೆ ಹತ್ತಲು ಮೆಟ್ಟಿಲೂ ಇರಲಿ

ಸೈಕಲ್ ರಸ್ತೆ ಅಂದರೆ ಬೆಂಗಳೂರಿನ ರಸ್ತೆ ಬದಿಯಲ್ಲಿ ಬಣ್ಣ ಬಳಿದ ಪಟ್ಟಿ ಎಂದೇ ಎಲ್ಲರ ಲೆಕ್ಕ. ಆದರೆ ನಮ್ಮ ಹಳ್ಳಿಗಳಲ್ಲಿ ನೂರಾರು ಕಿಲೋಮೀಟರ್ ಸೈಕಲ್ ರಸ್ತೆ ಆಗಲೇ ಇದೆ. ಯಾರೂ ಅದನ್ನು ಹಾಗೆ ಕರೆದಿಲ್ಲ, ಅಷ್ಟೆ. ನೀರಾವರಿ ನಾಲೆಗಳ ಏರಿಯ ಮಾತು ಹೇಳುತ್ತಿದ್ದೇನೆ. ಅದನ್ನು ಸೈಕಲ್ಲಿಗೆ, ನಡೆಯುವವರಿಗೆ, ದನಕರುಗಳಿಗೆ ಬಿಟ್ಟುಕೊಡಬೇಕು. ಬಿಡುವ ಮೊದಲು ಬಿದ್ದವರು ಮೇಲೆ ಬರಲು ದಾರಿ ಮಾಡಬೇಕು. ನನ್ನ ವಾದ ಇಷ್ಟೇ.

ಕಾನಸೂರಿನಲ್ಲಿ ಕುಳಿತು ನಾಲೆಯ ಮಾತು ಯಾಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ನಾಲೆ ಇಲ್ಲ. ಅಬ್ಬಿ ನೀರು, ಹಳ್ಳ, ತೋಟದ ಕಾಲುವೆ ಇಷ್ಟೇ ನಮ್ಮ ನೀರಾವರಿ. ಬೇಡ್ತಿ-ವರದಾ ಜೋಡಣೆಯ ಸುದ್ದಿ ಬಂದಾಗ ಮಾತ್ರ ನಾವು ನಾಲೆಯ ಹೆಸರೆತ್ತುತ್ತೇವೆ, ಅದೂ ಸಿಟ್ಟಿನಲ್ಲಿ. ಆದರೆ ಘಟ್ಟದ ಅಂಚು ದಾಟಿದರೆ ಲಕ್ಷಾಂತರ ಜನರ ದಿನ ಶುರುವಾಗುವುದು ನಾಲೆಯ ಪಕ್ಕದಲ್ಲೇ. ನಮ್ಮದೇ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಮಳಗಿ ಬಳಿ ಧರ್ಮಾ ಜಲಾಶಯ ಇದೆ. ಅದರ ನೀರು ನಾಲೆಯಲ್ಲಿ ಹಾನಗಲ್ ಕಡೆಯ ಕೆರೆಗಳಿಗೆ ಹೋಗುತ್ತದೆ. ಅಲ್ಲಿಗೆ ಹೆಣ್ಣು ಕೊಟ್ಟವರು, ಕೆಲಸಕ್ಕೆ ಹೋದವರು ನಮ್ಮೂರಲ್ಲೂ ಇದ್ದಾರೆ.

ಕಳೆದ ವರ್ಷ ಅಕ್ಟೋಬರ್ ಕೊನೆಗೆ, ಕೊನೆ ಕೊಯ್ಲು ಶುರುವಾಗುವ ಮುಂಚೆ, ನಾನೂ ನಮ್ಮನೆಯವರೂ ಎರಡು ಗೇರ್ ಇಲ್ಲದ ಸೈಕಲ್, ಒಂದು ಟೆಂಟ್ ಹಿಡಿದು ಹೊರಟೆವು. ತಾಳಗುಪ್ಪದವರೆಗೆ ಸೈಕಲ್, ಅಲ್ಲಿಂದ ಭದ್ರಾವತಿಗೆ ರೈಲು, ಆಮೇಲೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ. ಅಲ್ಲಿಂದ ಐದು ದಿನ ಬಲದಂಡೆ ನಾಲೆಯ ಗುಂಟ ದಾವಣಗೆರೆ ಕಡೆಗೆ. ಅತ್ತೆ ಬಾಗಿಲಲ್ಲೇ ನಿಂತು, "ಮನೇಲಿ ಬೈಕ್ ಇದ್ದಲೆ, ಸೈಕಲ್ ಎಂತಕ್ಕೆ ಮಾರಾಯ್ತಿ?" ಎಂದರು. ದಾರಿಯುದ್ದಕ್ಕೂ ಬೇರೆ ಬೇರೆ ಧಾಟಿಯಲ್ಲಿ ಇದೇ ಪ್ರಶ್ನೆ ಕೇಳಿತು. ಗಂಡ ಒಬ್ಬನೇ ಹೋಗಿದ್ದರೆ ಸಾಹಸ ಎನ್ನುತ್ತಿದ್ದರೋ ಏನೋ. ಹೆಂಡತಿಯೂ ಜೊತೆಗಿದ್ದರೆ ಅದು ಬಡತನ ಅಥವಾ ಜಗಳ!

ನಾಲೆ ಏರಿಯಲ್ಲಿ ಸೈಕಲ್ ತುಳಿಯುವ ಸುಖ ನಮ್ಮಂಥ ಗುಡ್ಡದ ಜನಕ್ಕೇ ಚೆನ್ನಾಗಿ ಗೊತ್ತಾಗುವುದು. ಸಿರಸಿ ರಸ್ತೆಯ ಏರುಗಳಲ್ಲಿ ಇಳಿದು ತಳ್ಳಿ ಅಭ್ಯಾಸವಾದ ಕಾಲಿಗೆ ಅದು ಬೇರೆಯೇ ಲೋಕ. ನೀರು ತಾನಾಗಿ ಹರಿಯಬೇಕು, ಆದರೆ ಮಣ್ಣು ಕೊರೆಯುವಷ್ಟು ಜೋರಾಗಿ ಹರಿಯಬಾರದು. ಅದಕ್ಕೇ ನಾಲೆಯನ್ನು ಕಿಲೋಮೀಟರಿಗೆ ಒಂದು ಗೇಣೋ ಮೊಳವೋ ಇಳಿಯುವ ಹಾಗೆ ತೋಡಿರುತ್ತಾರೆ. ಗುಡ್ಡ ಬಂದರೆ ಬಳಸಿ ಹೋಗುತ್ತದೆ, ಹಳ್ಳ ಬಂದರೆ ಮೇಲ್ಗಾಲುವೆಯಾಗಿ ದಾಟುತ್ತದೆ. ಏರಿ ಅದರ ಜೊತೆಗೇ ಸಾಗುತ್ತದೆ. ಬಲದಂಡೆಯ ಮುಖ್ಯ ನಾಲೆ 103 ಕಿಲೋಮೀಟರ್, ಎಡದಂಡೆ 77. ಕೊಂಬೆ ನಾಲೆಗಳ ಉದ್ದ ಬೇರೆ. ಈ ಏರಿಯಲ್ಲಿ ಏರು ಎನ್ನುವುದೇ ಇಲ್ಲ ಅನ್ನಬಹುದು.

ಹವೆ ಮಾತ್ರ ಹೇಳಿದಂತೆ ಕೇಳಲಿಲ್ಲ. ನಮ್ಮಲ್ಲಿ ಮಳೆ ಮೊದಲು ಕಿವಿಗೆ ಬರುತ್ತದೆ, ಕಾಡಿನ ಎಲೆಯ ಮೇಲೆ ಸದ್ದು ಮಾಡುತ್ತಾ. ಬಯಲಲ್ಲಿ ಅದು ದೂರದಿಂದಲೇ ಕಣ್ಣಿಗೆ ಕಾಣುತ್ತದೆ. ಬೂದು ಪರದೆಯೊಂದು ಗದ್ದೆ ಮೇಲೆ ನಡೆದುಕೊಂಡು ಬರುತ್ತದೆ, ತಲುಪುವಷ್ಟರಲ್ಲಿ ಕೊಪ್ಪೆ ಹಾಕಿಕೊಳ್ಳಲು ಸಮಯವಿರುತ್ತದೆ. ಬೆಳಿಗ್ಗೆ ಮಂಜು, ಹನ್ನೊಂದಕ್ಕೆ ಸುಡು ಬಿಸಿಲು, ಸಂಜೆ ಗುಡುಗು. ಗರಸು ಹಾಕಿದ ಕಡೆ ಮಳೆಯಲ್ಲೂ ಸೈಕಲ್ ಓಡುತ್ತದೆ. ಎರೆಮಣ್ಣು ಬಂದರೆ ಮಡ್‌ಗಾರ್ಡಿನೊಳಗೆ ಹೂರಣದಂತೆ ತುಂಬಿ ಚಕ್ರವೇ ತಿರುಗುವುದಿಲ್ಲ, ಕಡ್ಡಿ ಹಿಡಿದು ಕೆರೆಯುತ್ತಾ ನಿಲ್ಲಬೇಕು. ಅತ್ತ ರೈತರು ತೆನೆ ಬಾಗಿದ ಭತ್ತ ಗಾಳಿಗೆ ಮಲಗುತ್ತದೋ ಎಂದು ಆಕಾಶ ನೋಡುತ್ತಿರುವಾಗ ನಮ್ಮ ಟೆಂಟ್ ಒದ್ದೆಯಾದ ಕತೆ ದೊಡ್ಡದಲ್ಲ.

ಟೆಂಟ್ ಹಾಕುವವರಿಗೆ ಎರಡು ಮಾತು. ಗುಡುಗು ಕೇಳಿದರೆ ಏರಿಯ ಮೇಲೆ ನಿಲ್ಲಬೇಡಿ, ಬಯಲಲ್ಲಿ ಎತ್ತರದ ಜಾಗ ಅದೇ. ಒಣಗಿದ ಹೊಲಗಾಲುವೆಯಲ್ಲಿ ಮಲಗಬೇಡಿ, ಆಕಾಶದಲ್ಲಿ ಮೋಡ ಇಲ್ಲದಿದ್ದರೂ. ನಾಲೆಯ ನೀರು ಏರುವುದು ಇಳಿಯುವುದು ಮಳೆ ನೋಡಿ ಅಲ್ಲ, ತೂಬು ನೋಡಿ. ನಾವು ಹೆಚ್ಚಾಗಿ ಶಾಲೆ ಜಗುಲಿ, ಗುಡಿ ಅಂಗಳದಲ್ಲಿ ಕೇಳಿಕೊಂಡೇ ಉಳಿದೆವು. ಯಾರೂ ಇಲ್ಲ ಅನ್ನಲಿಲ್ಲ. ಶಾಲೆಯ ಶೌಚಾಲಯಕ್ಕೆ ಮಾತ್ರ ಎಲ್ಲಾ ಕಡೆ ಬೀಗ. ಹೆಣ್ಣುಮಕ್ಕಳು ಯಾಕೆ ಹೀಗೆ ತಿರುಗಾಟಕ್ಕೆ ಹೊರಡುವುದಿಲ್ಲ ಎಂದು ಕೇಳುವವರು ಮೊದಲು ಆ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಲಿ.

ಏರಿಯ ಮೇಲೆ ನಾವು ಒಬ್ಬರೇ ಇರಲಿಲ್ಲ. ಹುಲ್ಲಿನ ಹೊರೆ ಹೊತ್ತ ಹೆಂಗಸರು, ಹಾಲಿನ ಕ್ಯಾನ್ ಕಟ್ಟಿಕೊಂಡವರು, ಕುರಿ ಮಂದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೈಸ್ಕೂಲು ಹುಡುಗಿಯರು. ಒಬ್ಬಳ ಸೈಕಲ್ ತುಂಬ ಹಳೆಯದು, ಬ್ರೇಕಿನ ರಬ್ಬರ್ ಸವೆದಿತ್ತು. "ಅಕ್ಕಂದು ಕಣ್ರೀ, ಅವಳಿಗೆ ಸ್ಕೂಲಲ್ಲಿ ಕೊಟ್ಟಿದ್ರು, ನಮಗೆ ಕೊಟ್ಟಿಲ್ಲ" ಎಂದಳು. ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ ಕೋವಿಡ್ ಕಾಲಕ್ಕೆ ನಿಂತುಹೋದದ್ದು ನಿಮಗೆ ಗೊತ್ತು. ಆ ಹುಡುಗಿಗೆ ನಾಲೆ ಏರಿ ಬಿಟ್ಟರೆ ಇರುವುದು ಲಾರಿ ಓಡಾಡುವ ಹೆದ್ದಾರಿ. ಅವಳ ಎಡಕ್ಕೆ ಎರಡಾಳು ಅಗಲದ ಗರಸು ದಾರಿ, ಬಲಕ್ಕೆ ತುಂಬಿದ ನಾಲೆ, ನಡುವೆ ಏನೂ ಇಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲೇ. ಈಜು ಬಂದರೆ ಬದುಕಬಹುದು ಎಂದು ನಮ್ಮ ಹೊಳೆ-ಗುಂಡಿಯ ಜನ ಅಂದುಕೊಳ್ಳುತ್ತೇವೆ. ನಾಲೆ ಹೊಳೆಯಲ್ಲ. ಇಕ್ಕೆಲಗಳಲ್ಲೂ ಇಳಿಜಾರಾಗಿ ಸಿಮೆಂಟ್ ಲೈನಿಂಗ್, ಅದರ ಮೇಲೆ ಪಾಚಿ. ಹಿಡಿಯಲು ಬೇರಿಲ್ಲ, ಕಾಲೂರಲು ಕಲ್ಲಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಮುಖ್ಯ ನಾಲೆಯಲ್ಲಿ ಅಂಥ ಸಾವಿರಾರು ಕ್ಯೂಸೆಕ್ ಸದ್ದಿಲ್ಲದೆ ಹೋಗುತ್ತಿರುತ್ತದೆ. ಬಟ್ಟೆ ಒಗೆಯಲು ಇಳಿದವರು, ಅವರ ಕೈ ಹಿಡಿಯಲು ಹೋದವರು, ಇಬ್ಬರೂ ಜಾರುವುದು ಹೀಗೇ.

2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. 2023ರಲ್ಲಿ ಅದೇ ನಾಲೆಗೆ ಕಾರುಗಳು ಬಿದ್ದು ಮತ್ತೆ ಜೀವಗಳು ಹೋದವು. ಪ್ರತಿ ಸಲವೂ ತಡೆಗೋಡೆಯ ಕೂಗು ಏಳುತ್ತದೆ. ತಿರುವು, ಸೇತುವೆ ಇರುವ ಕಡೆ ತಡೆಗೋಡೆ ಬೇಕೇ ಬೇಕು. ಆದರೆ ಉದ್ದಕ್ಕೂ ಗೋಡೆ ಕಟ್ಟುತ್ತೇವೆ, ಡಾಂಬರು ಹಾಕಿ ಕಾರು ಬಿಡುತ್ತೇವೆ ಎಂಬ ಯೋಚನೆ ನನಗೆ ಒಪ್ಪಿಗೆಯಿಲ್ಲ. ಗೋಡೆ ಕಾರನ್ನು ತಡೆದೀತು, ಆದರೆ ಕಾರಿನ ವೇಗಕ್ಕೆ ಆ ಹುಡುಗಿ ಏರಿಯನ್ನೇ ಬಿಡಬೇಕಾಗುತ್ತದೆ.

ಇಂಗ್ಲೆಂಡಿನ ಹಳೆಯ ನಾಲೆಗಳ ದಡದಲ್ಲಿ ಗಂಡ-ಹೆಂಡತಿ ಸೈಕಲ್ ಹೊಡೆಯುವ, ಟೆಂಟ್ ಹಾಕುವ ವಿಡಿಯೋಗಳನ್ನು ನೀವೂ ಮೊಬೈಲಲ್ಲಿ ನೋಡಿರಬಹುದು. ಆ ದಾರಿಗಳು ದೋಣಿಯನ್ನು ಹಗ್ಗ ಕಟ್ಟಿ ಎಳೆಯುವ ಕುದುರೆಗಳಿಗಾಗಿ ಮಾಡಿದವು. ಫ್ರಾನ್ಸಿನಲ್ಲಿ 1681ರಲ್ಲಿ ತೆರೆದ ಕೆನಾಲ್ ದ್ಯು ಮಿದಿ ಸುಮಾರು 240 ಕಿಲೋಮೀಟರ್ ಇದೆ, ಅದರ ದಡವೂ ಈಗ ಸೈಕಲ್ಲಿನವರ ದಾರಿ. ಅವು ದೋಣಿಯ ನಾಲೆಗಳಾದ್ದರಿಂದ ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ನಮ್ಮದು ಹರಿಯುವ ನೀರು. ಹಾಗಾಗಿ ಅವರ ದಾರಿಯನ್ನಷ್ಟೇ ನಕಲು ಮಾಡಿದರೆ ಸಾಲದು.

ಬೇಕಾದದ್ದು ದೊಡ್ಡ ಖರ್ಚಿನದಲ್ಲ. ಲೈನಿಂಗ್ ಮಾಡುವಾಗಲೇ ಅಲ್ಲಲ್ಲಿ ಕಬ್ಬಿಣದ ಮೆಟ್ಟಿಲು ಕೂರಿಸಬಹುದು. ಪ್ರತಿ ಊರಿಗೊಂದು ಒಗೆಯುವ ಸೋಪಾನ, ಅದಕ್ಕೆ ಹಿಡಿಕೆ. ಮೇಲ್ಗಾಲುವೆ, ಸುರಂಗದ ಬಾಯಿಗೆ ಮುಂಚೆ ಅಡ್ಡಲಾಗಿ ತೇಲುವ ಡ್ರಮ್ಮು ಕಟ್ಟಿದ ಹಗ್ಗ. ಕಾರು ನುಗ್ಗದ ಹಾಗೆ, ಸೈಕಲ್ ನುಸುಳುವ ಹಾಗೆ ಎರಡು ಕಲ್ಲುಕಂಬ. ಇಲಾಖೆಯ ಜೀಪಿಗೆ ಬೀಗದ ಗೇಟು ಇರಲಿ. ಏರಿ ತಪಾಸಣೆಗೆ ಮಾತ್ರ, ಸಾರ್ವಜನಿಕರಿಗಲ್ಲ ಎಂಬ ಫಲಕ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆ ಫಲಕದ ಕೆಳಗೇ ಮಕ್ಕಳು ಶಾಲೆಗೆ ಹೋಗುತ್ತಾರೆ. ಹೊರಗಿನವರು ಬಂದರೆ ಬಾಟಲಿ ಎಸೆಯುತ್ತಾರೆ ಎಂಬ ಮಾತಿನಲ್ಲಿ ನಿಜವಿದೆ, ನಾವೇ ನೋಡಿದೆವು. ಆದರೆ ಬಾಟಲಿ ಇದ್ದದ್ದೆಲ್ಲ ಕಾರು ನಿಲ್ಲಿಸಲು ಜಾಗವಿದ್ದ ಕಡೆ.

ಚನ್ನಗಿರಿ ತಾಲ್ಲೂಕಿನಲ್ಲಿ ಒಂದು ತೂಬಿನ ಬಳಿ ಬೇವಿನ ಮರಕ್ಕೆ ಕಟ್ಟಿದ ಹಗ್ಗ ನಾಲೆಯೊಳಗೆ ಇಳಿಬಿಟ್ಟಿತ್ತು, ಮಾರಿಗೊಂದು ಗಂಟು. ಎಮ್ಮೆ ಕಟ್ಟಲು ಇರಬೇಕು ಎಂದುಕೊಂಡೆವು. ಅಲ್ಲಿನ ಸೌಡಿ, ಅಂದರೆ ನೀರು ಬಿಡುವ ಕೆಲಸದವರು, ತಾವೇ ಕಟ್ಟಿದ್ದೆಂದರು. "ಇಲ್ಲಿ ಬಿದ್ದೋರು ಸಿಮೆಂಟ್ ಕೆರ್ಕೊಂಡು ಉಗುರು ಕಿತ್ಕೋತಾರಮ್ಮ, ಅದಕ್ಕೆ ಗಂಟು ಹಾಕಿದೀನಿ." ಬಿಸಿಲಿಗೆ ಮಳೆಗೆ ಹಗ್ಗ ಬೇಗ ಲಡ್ಡಾಗುತ್ತದಂತೆ, ಈ ಸಲ ಸ್ವಂತ ದುಡ್ಡಲ್ಲಿ ನೈಲಾನ್ ತಂದಿದ್ದರು.