ರಣಹದ್ದು ಶುಲ್ಕ ಕಟ್ಟುವುದಿಲ್ಲ

ಕೊಯಮತ್ತೂರು ಬಳಿಯ ಆನೈಕಟ್ಟಿಯಲ್ಲಿರುವ ಸಲೀಂ ಅಲಿ ಪಕ್ಷಿವಿಜ್ಞಾನ ಮತ್ತು ನಿಸರ್ಗ ಇತಿಹಾಸ ಕೇಂದ್ರವನ್ನು ದೆಹಲಿ ನಡೆಸಿಕೊಂಡ ರೀತಿ ತಪ್ಪು. 1990ರಲ್ಲಿ ಶುರುವಾದ ಈ ಸಂಸ್ಥೆಯೂ ಸೇರಿ ಐದು ಸ್ವಾಯತ್ತ ಸಂಸ್ಥೆಗಳ ಹೊಣೆಯಿಂದ ಪರಿಸರ ಸಚಿವಾಲಯ ಹೊರಬರಬೇಕೆಂದು ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2020ರ ಕೊನೆಗೆ ಶಿಫಾರಸು ಮಾಡಿತು. 2023ರಲ್ಲಿ ಸಂಸ್ಥೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ದಕ್ಷಿಣ ಭಾರತ ಕೇಂದ್ರವಾಯಿತು. ಬೀಗ ಬೀಳಲಿಲ್ಲ, ನಿಜ. ಆದರೆ ಸಂಶೋಧನೆ ಮಾಡುವವರು ತಮ್ಮ ಖರ್ಚನ್ನು ತಾವೇ ದುಡಿದುಕೊಳ್ಳಲಿ ಎಂಬ ಲೆಕ್ಕಾಚಾರವನ್ನು ಯಾರೂ ಕೈಬಿಟ್ಟಿಲ್ಲ.

ಆ ಪಟ್ಟಿಯಲ್ಲಿ ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯೂ ಇತ್ತು. ಅದಕ್ಕಾದರೋ ಕಾರ್ಖಾನೆಗಳ ಆಸರೆ ಇತ್ತು, ಹಲಗೆ ಪರೀಕ್ಷಿಸಿ ಶುಲ್ಕ ಕೇಳಬಹುದಿತ್ತು. ರಣಹದ್ದಿನಿಂದ ವಸೂಲಿ ಮಾಡುವವರು ಯಾರು?

ಹಕ್ಕಿಗಳು ಯಾವ ವಿಷಕ್ಕೆ ಸತ್ತವೆಂದು ಅಂಗಾಂಶ ಪರೀಕ್ಷಿಸಿ ಹೇಳುವುದು ಆನೈಕಟ್ಟಿಯ ಪ್ರಯೋಗಾಲಯದ ಕಸುಬು. ಗುಜರಾತಿನಲ್ಲಿ ಸತ್ತ ಬಿಳಿಬೆನ್ನಿನ ರಣಹದ್ದುಗಳ ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣ ಬಳಿದಂತೆ ಕಟ್ಟಿಕೊಂಡಿತ್ತು. ಮೂತ್ರಪಿಂಡ ಕೆಟ್ಟಿದ್ದರ ಗುರುತು ಅದು. ಇಂಥ ಸಾವಿಗೆ ಕುಖ್ಯಾತವಾದ ಡೈಕ್ಲೊಫೆನಾಕ್ ಅನ್ನು ಜಾನುವಾರುಗಳಿಗೆ ಕೊಡಬಾರದೆಂದು 2006ರಲ್ಲೇ ನಿಷೇಧಿಸಲಾಗಿತ್ತು. ಇಲ್ಲಿನ ವಿಜ್ಞಾನಿಗಳಿಗೆ ಸಿಕ್ಕಿದ್ದು ಇನ್ನೊಂದು ನೋವುನಿವಾರಕ, ನಿಮೆಸುಲೈಡ್. 2021ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್, ಅನಂತರ ನಿಮೆಸುಲೈಡ್ ಕೂಡ ಪಶುಚಿಕಿತ್ಸೆಯಿಂದ ಹೊರಬಿದ್ದವು. ನಮ್ಮ ರಾಮನಗರದ ಬೆಟ್ಟದಲ್ಲಿ ಅಳಿದುಳಿದಿರುವ ಹದ್ದುಗಳಿಗೂ ಈ ನಿಷೇಧ ಬೇಕಿತ್ತು. ಔಷಧ ಕಂಪನಿಗಳು ಈ ಪರೀಕ್ಷೆಗೆ ಚೆಕ್ ಬರೆದುಕೊಡುತ್ತಿದ್ದವೇ?

ಶಿರಸಿ, ಹೊನ್ನಾವರದ ಕಾಡಿನಲ್ಲಿ ಉಪ್ಪಗೆ ಹಣ್ಣಿಗೆ ಸಿಂಗಳೀಕವೂ ಕೈಹಾಕುತ್ತದೆ, ಊರವರೂ ಕೈಹಾಕುತ್ತಾರೆ. ಕೊಯ್ದು ತಂದು, ಬೀಜ ತೆಗೆದು, ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಮಾರುವುದು ಅಲ್ಲಿನ ಎಷ್ಟೋ ಮನೆಗಳ ಮಳೆಗಾಲದ ಸಂಪಾದನೆ. ಈ ಕೊಯ್ಲಿನಿಂದ ಸಿಂಗಳೀಕಕ್ಕೆ ಬೀಳುವ ಪೆಟ್ಟೆಷ್ಟು ಎಂದು ಕಾಡು ಸುತ್ತಿ ನೋಡಿದವರೂ ಇದೇ ಸಂಸ್ಥೆಯವರು.

ಸರ್ಕಾರ ಕೈ ಹಿಂದಕ್ಕೆಳೆದರೆ ಇಂಥವರಿಗೆ ಉಳಿಯುವುದು ಸಲಹಾ ಕೆಲಸ. ಅದನ್ನು ಕೊಡುವವರು ಯಾರು? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಯೋಜನೆ ತರುವವರೇ ಅಧ್ಯಯನ ಮಾಡುವವರನ್ನು ಗೊತ್ತುಮಾಡಿ ದುಡ್ಡು ಕೊಡುತ್ತಾರೆ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ರಾಜ್ಯ ಸರ್ಕಾರವೇ ಪಟ್ಟು ಹಿಡಿದಿರುವಾಗ, ಯಾರ ಹಂಗಿಗೂ ಬೀಳದೆ ಮಾತಾಡುವ ವಿಜ್ಞಾನಿ ಬೇಕು. ಅವರ ಸಂಬಳವನ್ನು ಗುತ್ತಿಗೆದಾರರ ಬಾಗಿಲಲ್ಲಿ ಹುಡುಕಿಕೊಳ್ಳಿ ಎನ್ನುವುದು ಮಿತವ್ಯಯವಲ್ಲ, ಬೇಜವಾಬ್ದಾರಿ.

ಸಂಸ್ಥೆಗೂ ರಿಯಾಯಿತಿ ಬೇಡ. ಯಾವ ವರದಿಗೆ ಯಾರು ಹಣ ಕೊಟ್ಟರು ಎಂಬುದು ಅದರ ಮೊದಲ ಪುಟದಲ್ಲೇ ಇರಬೇಕು, ವರದಿ ಸಾರ್ವಜನಿಕರ ಕೈಗೆ ಸಿಗಬೇಕು. ಜನರ ತೆರಿಗೆಯಲ್ಲಿ ನಡೆದ ಅಧ್ಯಯನದ ಸಾರ ಜನರ ಭಾಷೆಯಲ್ಲಿ ಬರಬೇಕು. ಉಪ್ಪಗೆ ಕೊಯ್ಯುವವರು ಇಂಗ್ಲಿಷ್ ಪ್ರಬಂಧ ಇಟ್ಟುಕೊಂಡು ಏನು ಮಾಡಬೇಕು?

ಸಚಿವಾಲಯದ ಪಾಲಿನ ಕೆಲಸ ಸ್ಪಷ್ಟ. ಆನೈಕಟ್ಟಿಯ ಅನುದಾನವನ್ನು ಡೆಹ್ರಾಡೂನಿನ ಲೆಕ್ಕದಲ್ಲಿ ಕರಗಿಸದೆ ಪ್ರತ್ಯೇಕ ಶೀರ್ಷಿಕೆಯಡಿ ತೋರಿಸಲಿ. ವಿಷಪರೀಕ್ಷೆಯ ಪ್ರಯೋಗಾಲಯಕ್ಕೆ ಕಾಯಂ ಹುದ್ದೆಗಳನ್ನೂ ಖಾತರಿ ಹಣವನ್ನೂ ಕೊಡಲಿ. ಮುಂದಿನ ಬಜೆಟ್‌ನಲ್ಲಿ ಇದು ಕಾಣದಿದ್ದರೆ, 2020ರ ಶಿಫಾರಸು ವಿಲೀನದ ಹೆಸರಿನಲ್ಲಿ ಕಂತುಕಂತಾಗಿ ಜಾರಿಯಾಗುತ್ತಿದೆ ಎಂದೇ ತಿಳಿಯಬೇಕಾಗುತ್ತದೆ.