ಉದ್ರಿ ಕೊಟ್ಟವನೂ ಸಾಲ ಕೊಟ್ಟವನೇ

ರಾಯಚೂರಿನ ಹತ್ತಿ ಮಿಲ್ಲಿಗೆ ಹೋಗಿ, ಮಾನ್ವಿಯ ಅಕ್ಕಿ ಗಿರಣಿಗೆ ಹೋಗಿ, ಎಷ್ಟೋ ಗೋದಾಮುಗಳ ಬಾಗಿಲ ಬಳಿ ಒಂದು ತಗಡಿನ ಬೋರ್ಡು ಕಾಣುತ್ತದೆ. ಒಳಗಿನ ಸರಕು ಇಂಥ ಬ್ಯಾಂಕಿಗೆ ಅಡವಾಗಿದೆ ಎಂದು ಅದರ ಮೇಲೆ ಬರೆದಿರುತ್ತದೆ. ಚೀಲ ಇಳಿಸಲು ಬಂದವರು ಅದರ ಕೆಳಗೇ ಹಾದುಹೋಗುತ್ತಾರೆ, ಓದುವವರು ಕಡಿಮೆ. ನಿನ್ನೆ ಉದ್ರಿ ಹಾಕಿ ಬಂದ ಹತ್ತಿ, ಅದರ ದುಡ್ಡು ನಮ್ಮ ಕೈಗೆ ಬರುವ ಮೊದಲೇ, ಬೇರೊಬ್ಬರ ಸಾಲಕ್ಕೆ ಆಧಾರವಾಗಿದೆ ಎಂದು ಆ ಬೋರ್ಡು ಹೇಳುತ್ತಿದೆ.

ದೇವದುರ್ಗದ ರೈತನೊಬ್ಬ 20 ಕ್ವಿಂಟಲ್ ಹತ್ತಿ ತಂದು ಹಾಕಿದ, ‘ಹದಿನೈದು ದಿನ ಬಿಟ್ಟು ಬಾ’ ಅಂದರು, ಚೀಟಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ ಎಂದುಕೊಳ್ಳಿ. ಆ ಹದಿನೈದು ದಿನ ಅವನು ಮಿಲ್ಲಿಗೆ ಸಾಲ ಕೊಟ್ಟವನು. ಬಡ್ಡಿಯಿಲ್ಲ, ಜಾಮೀನಿಲ್ಲ. ಅದೇ ಮಿಲ್ಲಿಗೆ ಸಾಲ ಕೊಟ್ಟ ಬ್ಯಾಂಕು ಹಿಂದಿನ ವರ್ಷಗಳ ಲೆಕ್ಕಪತ್ರ ಕೇಳಿದೆ, ಮಾಲೀಕನ ಸಹಿ ಹಾಕಿಸಿಕೊಂಡಿದೆ, ಆಸ್ತಿಯ ಕಾಗದ ಇಟ್ಟುಕೊಂಡಿದೆ, ತಿಂಗಳು ತಿಂಗಳು ದಾಸ್ತಾನಿನ ವಿವರ ತರಿಸುತ್ತಿದೆ. ಅಷ್ಟೆಲ್ಲ ವಿಚಾರಿಸಿದ ಬ್ಯಾಂಕಿನ ಮೇಲೆ ಮಾಲೀಕನಿಗೆ ಸಿಟ್ಟಿಲ್ಲ. ರೈತನೋ ಅಡತಿಯವನೋ ಒಂದು ಮಾತು ಕೇಳಿದರೆ ಮಾತ್ರ ‘ನನ್ನ ಮ್ಯಾಲೆ ನಂಬಿಕಿ ಇಲ್ಲೇನು?’ ಎಂಬ ಪ್ರಶ್ನೆ ಬರುತ್ತದೆ. ಈ ಅಸಮಾನತೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಸಾಲ ಕೊಡುವವನು ಸಾಲಗಾರನನ್ನು ವಿಚಾರಿಸುವುದು ಅವಮಾನವಲ್ಲ ಎಂದಾದರೆ, ಉದ್ರಿ ಕೊಡುವವನಿಗೂ ಆ ಹಕ್ಕಿದೆ.

ಅದರಲ್ಲೂ ಅವನಿಗೇ ಅದು ಹೆಚ್ಚು ಬೇಕು. 2016ರ ದಿವಾಳಿ ಸಂಹಿತೆಯ ಪ್ರಕಾರ ಕಂಪನಿ ಮುಳುಗಿ ಆಸ್ತಿ ಮಾರಿದಾಗ ಮೊದಲು ಪ್ರಕ್ರಿಯೆಯ ಖರ್ಚು ಕಳೆಯುತ್ತದೆ. ಆಮೇಲೆ ಕಾರ್ಮಿಕರ ಬಾಕಿ ಮತ್ತು ಅಡವು ಹಿಡಿದ ಬ್ಯಾಂಕುಗಳ ಸಾಲ, ಆಮೇಲೆ ಉಳಿದ ನೌಕರರು, ಅಡವಿಲ್ಲದೆ ಹಣ ಕೊಟ್ಟವರು, ಸರ್ಕಾರದ ತೆರಿಗೆ. ಸರಕು ಕೊಟ್ಟವರ ಸರದಿ ಅದರ ನಂತರ. ಅಷ್ಟು ಹೊತ್ತಿಗೆ ಗಲ್ಲಾದಲ್ಲಿ ಏನುಳಿದಿರುತ್ತದೆ? ಇನ್ನು ತಾನೇ ದೂರು ಒಯ್ಯುತ್ತೇನೆಂದರೆ, 2020ರ ಮಾರ್ಚ್‌ನಲ್ಲಿ ಬಾಕಿಯ ಕನಿಷ್ಠ ಮಿತಿಯನ್ನು 1 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಲಾಯಿತು. ಒಂದೂವರೆ ಲಕ್ಷ ಬರಬೇಕಾದವನಿಗೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯ ಆ ಬಾಗಿಲು ತೆರೆಯುವುದಿಲ್ಲ. ಆದರೆ ಕಂಪನಿಯಲ್ಲದ ವ್ಯಾಪಾರಿ ಕೈಯೆತ್ತುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ. ಅಲ್ಲಿ ಸಾಲಗಾರನೇ ಅರ್ಜಿ ಹಾಕಲು 500 ರೂಪಾಯಿ ಸಾಲವಿದ್ದರೆ ಸಾಕು. ನಮ್ಮ ಕಡೆ ‘ಐಪಿ ಹಾಕಿದ’ ಎನ್ನುವುದು ಇದಕ್ಕೇ.

ಹಾಗಾದರೆ ನೋಡುವುದು ಏನನ್ನು? ಕಂಪನಿಯಾಗಿದ್ದರೆ ಅದರ ಮೇಲೆ ದಾಖಲಾದ ಅಡವುಗಳ ಪಟ್ಟಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. 100 ರೂಪಾಯಿ ಶುಲ್ಕ ಕಟ್ಟಿದರೆ ವಾರ್ಷಿಕ ಲೆಕ್ಕಪತ್ರವನ್ನೂ ನೋಡಬಹುದು. ಆದರೆ ಆ ಕಾಗದಕ್ಕೆ ವಯಸ್ಸಿದೆ. ಮಾರ್ಚ್ 31ಕ್ಕೆ ವರ್ಷ ಮುಗಿದು, ಸೆಪ್ಟೆಂಬರ್‌ವರೆಗೆ ಸಭೆಗೆ ಕಾಲಾವಕಾಶವಿದ್ದು, ಲೆಕ್ಕ ಸಲ್ಲಿಕೆಯಾಗುವುದು ಅಕ್ಟೋಬರ್ ಹೊತ್ತಿಗೆ. ಹತ್ತಿ ಬಂಡಿಗಳು ಸಾಲುಗಟ್ಟುವ ನವೆಂಬರ್‌ನಲ್ಲಿ ನಮ್ಮ ಕೈಲಿರುವುದು ಹಿಂದಿನ ಸುಗ್ಗಿಯ ಕೊನೆಯ ಚಿತ್ರ. ದಾಸ್ತಾನು ಬಹುಪಾಲು ಮಾರಿ ಸಾಲ ಇಳಿಸಿಕೊಂಡ ದಿನದ ಆ ಚಿತ್ರ ಚೆಂದವಾಗಿಯೇ ಇರುತ್ತದೆ. ಇನ್ನು ನಮ್ಮ ಭಾಗದ ವ್ಯಾಪಾರದಲ್ಲಿ ಪಾಲುದಾರಿಕೆ, ಒಂಟಿ ಮಾಲೀಕತ್ವವೇ ಹೆಚ್ಚು. ಅವರ ಲೆಕ್ಕ ಸಾರ್ವಜನಿಕರ ಕಣ್ಣಿಗೆ ಬೀಳುವುದೇ ಇಲ್ಲ.

ಅದಕ್ಕಾಗಿಯೇ ನನಗೆ ಜಿಎಸ್‌ಟಿ ಸಂಖ್ಯೆಯ ಮೇಲೆ ಭರವಸೆ. ಮೊದಲ ಎರಡು ಅಂಕಿಗಳಿಂದಲೇ ಊರ ದಿಕ್ಕು ತಿಳಿಯುತ್ತದೆ: 29 ಕರ್ನಾಟಕ, 36 ತೆಲಂಗಾಣ, 37 ಆಂಧ್ರ. ಗದ್ವಾಲ, ಕರ್ನೂಲು ಕಡೆಯಿಂದಲೂ ಖರೀದಿದಾರರು ಬರುವ ಊರಿಗೆ ಇದು ಸಣ್ಣ ಮಾತಲ್ಲ. ಆ ಸಂಖ್ಯೆ ಹಾಕಿದರೆ ಯಾವ ತಿಂಗಳ ರಿಟರ್ನ್ ಯಾವ ದಿನ ಸಲ್ಲಿಸಿದ್ದಾರೆಂಬುದು ಯಾರಿಗಾದರೂ ಕಾಣುತ್ತದೆ. ಎರಡು ಮೂರು ತಿಂಗಳು ತಪ್ಪಿದ್ದರೆ ಕೈಯಲ್ಲಿ ಹಣ ಬಿಗಿಯಾಗಿದೆ ಎಂದು ಶಂಕಿಸಲು ಅಷ್ಟು ಸಾಕು. ಕಾಗದದಾಚೆಗೂ ಗುರುತುಗಳಿವೆ. ಹಮಾಲರ ಕೂಲಿ ತಡವಾಗುತ್ತಿದೆಯೇ? ಕರೆಂಟು ಬಿಲ್ಲು ಬಾಕಿಯೇ? ಎಲ್ಲಕ್ಕಿಂತ ದೊಡ್ಡ ಗುರುತನ್ನು ನಾವು ಲಾಭವೆಂದು ತಪ್ಪು ತಿಳಿಯುತ್ತೇವೆ, ಪೇಟೆ ಧಾರಣೆಗಿಂತ ಕ್ವಿಂಟಲಿಗೆ ನೂರಿನ್ನೂರು ಹೆಚ್ಚು ಕೊಡುವ ಉದ್ರಿ ಗಿರಾಕಿ. ನಗದು ಕೊಡುವವನು ಚೌಕಾಸಿ ಮಾಡುತ್ತಾನೆ, ಏಕೆಂದರೆ ಅವನು ಕೊಡುವವನು. ಇಂದು ನಮ್ಮ ಸರಕು ಮಾರಿ ನಿನ್ನೆಯ ಸಾಲ ತೀರಿಸಬೇಕಾದವನಿಗೆ ದರ ಮುಖ್ಯವಲ್ಲ, ಸರಕು ಕೈಗೆ ಸಿಗುವುದು ಮುಖ್ಯ. ಹೆಚ್ಚಿನ ದರಕ್ಕೆ ಮನಸೋತವನು ಆ ಅಪಾಯದ ಬೆಲೆಯನ್ನು ತಾನೇ ಹೊತ್ತಿರುತ್ತಾನೆ.

ಒಂದು ಆಕ್ಷೇಪಕ್ಕೆ ತಲೆಬಾಗಲೇಬೇಕು. ಎಲ್ಲರೂ ಹೀಗೆ ಅನುಮಾನಿಸಿದರೆ ಗಟ್ಟಿ ಅಂಗಡಿಯೂ ಬೀಳುತ್ತದೆ. ‘ಅವನ ಕೈ ಬಿಗಿಯಾಗ್ಯದಂತ’ ಎಂಬ ಪಿಸುಮಾತು ಹರಡಿದ ಸಂಜೆ ಬಾಕಿ ಬರಬೇಕಾದವರೆಲ್ಲ ಒಟ್ಟಿಗೆ ಬಾಗಿಲಿಗೆ ಬಂದರೆ ಯಾವ ಮಿಲ್ಲು ತಡೆದೀತು? ನಿಜ. ಆದರೆ ಪಿಸುಮಾತು ಬೆಳೆಯುವುದು ಮಾಹಿತಿ ಇಲ್ಲದ ಕಡೆ. ಇಂದು ಸುದ್ದಿ ಮೊದಲು ತಲುಪುವುದು ನೆಂಟರಿಗೆ, ಜಾತಿಯವರಿಗೆ, ಪಕ್ಕದ ಅಂಗಡಿಯವರಿಗೆ. ಅವರು ತಮ್ಮ ಬಾಕಿ ಎತ್ತಿಕೊಂಡ ಮೇಲೆ ತಾಂಡಾದ, ಹಳ್ಳಿಯ ರೈತನಿಗೆ ಗೊತ್ತಾಗುತ್ತದೆ. ನಂಬಿಕೆಯ ಹೆಸರಲ್ಲಿ ನಾವು ಕಾಯುತ್ತಿರುವುದು ಈ ವ್ಯವಸ್ಥೆಯನ್ನೇ.

ಈ ಮಾಹಿತಿಯ ಕೊರತೆಯನ್ನು ಕಾನೂನೂ ತುಂಬಲಿಲ್ಲ. 2020ರ ಕೇಂದ್ರ ಕೃಷಿ ವ್ಯಾಪಾರ ಕಾಯ್ದೆ ಪ್ಯಾನ್ ಕಾರ್ಡ್ ಇದ್ದವರೆಲ್ಲ ಎಪಿಎಂಸಿ ಪ್ರಾಂಗಣದ ಹೊರಗೆ ಕೊಳ್ಳಬಹುದೆಂದಿತು, ಮರುವರ್ಷವೇ ರದ್ದಾಯಿತು. ಅದರಲ್ಲಿ ನನಗೆ ಕಂಡ ದೋಷ ಇದೇ: ಪ್ಯಾನ್ ಸಂಖ್ಯೆ ಆಳಿನ ಗುರುತು ಹೇಳುತ್ತದೆ, ತಾಕತ್ತು ಹೇಳುವುದಿಲ್ಲ. ಮೊಬೈಲು ಹಿಡಿದು ಪ್ರತಿ ರೈತನೂ ರಿಟರ್ನ್ ಹುಡುಕಲಿ ಎನ್ನುವುದೂ ಅನ್ಯಾಯ. ಒಬ್ಬನ ಕೈಲಾಗದ ಈ ಕೆಲಸ ಎಪಿಎಂಸಿಗೆ, ರೈತ ಉತ್ಪಾದಕ ಕಂಪನಿಗೆ, ವರ್ತಕರ ಸಂಘಕ್ಕೆ ಒಬ್ಬ ಗುಮಾಸ್ತನ ಅರ್ಧ ದಿನದ್ದು. ರಾಯಚೂರು ಪ್ರಾಂಗಣದಲ್ಲಿ ಹತ್ತಿಯ ದಿನದ ಧಾರಣೆ ಬರೆಯುವ ಹಲಗೆಯ ಪಕ್ಕದಲ್ಲೇ ಇನ್ನೊಂದು ಹಲಗೆ ಇರಲಿ: ಲೈಸೆನ್ಸು ಪಡೆದ ಪ್ರತಿ ಖರೀದಿದಾರನ ಹೆಸರು, ಕೊನೆಯ ರಿಟರ್ನ್ ಸಲ್ಲಿಸಿದ ದಿನಾಂಕ, ಅವನ ಸರಕು ಯಾವ ಬ್ಯಾಂಕಿಗೆ ಅಡವಿದೆ ಎಂಬ ವಿವರ, ರೈತರಿಗೆ ಕೊಡಬೇಕಾದ ಬಾಕಿ ಎಷ್ಟು ದಿನದ್ದು ಎಂಬ ಒಂದು ಅಂಕಿ.