ಸ್ವಯಂಸೇವಕನಿಗೆ ಏನು ಸಿಗುತ್ತದೆ?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಮಗಳು ಪದವಿ ತರಗತಿಯಲ್ಲಿ ಓದುತ್ತಿದ್ದಾಳೆ. ಬೆಂಗಳೂರಿನಲ್ಲಿ ನಡೆಯಲಿರುವ ಅಂತರರಾಷ್ಟ್ರೀಯ ಸಮ್ಮೇಳನವೊಂದಕ್ಕೆ ಸ್ವಯಂಸೇವಕಿಯಾಗಿ ಹೋಗಬೇಕೆಂಬುದು ಆಕೆಯ ಆಸೆ. "ಸಂಬಳವಿಲ್ಲ ಸಾರ್, ಒಂದು ವಾರದ ಪಾಠವೂ ಹೋಗುತ್ತದೆ. ಅದರಿಂದ ಏನು ಸಿಗುತ್ತದೆ?" ಎಂದು ಕೇಳಿದ. "ಸುಮ್ಮನೆ ಕಳುಹಿಸು" ಎಂದಷ್ಟೇ ಹೇಳಿದೆ. ಕಾರಣಗಳನ್ನು ದೂರವಾಣಿಯಲ್ಲಿ ಹೇಳುವುದು ನನಗೆ ಒಗ್ಗದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. 2010ರ ಆಗಸ್ಟ್ 19ರಿಂದ 27ರವರೆಗೆ ಹೈದರಾಬಾದಿನಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಮಹಾಧಿವೇಶನ ನಡೆಯಿತು. 1897ರಲ್ಲಿ ಜ್ಯೂರಿಕ್‌ನಲ್ಲಿ ಆರಂಭವಾದ, ನಾಲ್ಕು ವರ್ಷಗಳಿಗೊಮ್ಮೆ ಸೇರುವ ಈ ಅಧಿವೇಶನ ಭಾರತಕ್ಕೆ ಬಂದದ್ದು ಅದೇ ಮೊದಲು. (ಅದಕ್ಕೂ ಮುನ್ನ ಅಂತರರಾಷ್ಟ್ರೀಯ ಗಣಿತ ಒಕ್ಕೂಟದ ಮಹಾಸಭೆ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತೆಂಬುದನ್ನು ನಮ್ಮವರಲ್ಲಿ ಎಷ್ಟು ಮಂದಿ ಗಮನಿಸಿದರೋ!) ಆಗಷ್ಟೇ ನಿವೃತ್ತನಾಗಿದ್ದ ನಾನು ತಂಗಿಯ ಮನೆಗೆಂದು ಹೈದರಾಬಾದಿಗೆ ಹೋದವನು, ಪರಿಚಯದ ಅಧ್ಯಾಪಕರೊಬ್ಬರ ಮೂಲಕ ಸ್ವಯಂಸೇವಕರ ಗುಂಪಿನಲ್ಲಿ ಸೇರಿಕೊಂಡೆ. ಉಳಿದವರೆಲ್ಲ ಕಾಲೇಜಿನ ಹುಡುಗ ಹುಡುಗಿಯರು. ನನ್ನನ್ನು ಮೊದಲ ದಿನ "ಸಾರ್" ಎಂದರು, ಎರಡನೆಯ ದಿನದಿಂದ "ಅಂಕಲ್" ಎಂದರು. ಬಡ್ತಿಯೋ ಹಿಂಬಡ್ತಿಯೋ ತಿಳಿಯದು.

ಕೆಲಸವೆಂದರೆ ದೊಡ್ಡದೇನೂ ಅಲ್ಲ. ಪೂರ್ಣಾಧಿವೇಶನದ ಉಪನ್ಯಾಸಗಳು ಒಂದೊಂದು ಗಂಟೆಯವು. ಮಧ್ಯಾಹ್ನ ಹಲವು ಸಭಾಂಗಣಗಳಲ್ಲಿ ಏಕಕಾಲಕ್ಕೆ ಮುಕ್ಕಾಲು ಗಂಟೆಯ ಉಪನ್ಯಾಸಗಳು. ಒಂದು ಮುಗಿದು ಇನ್ನೊಂದು ತೊಡಗುವ ನಡುವೆ ಜನರೆಲ್ಲ ಹೊರಗೆ ಬಂದು ದಿಕ್ಕು ತಪ್ಪಿದವರಂತೆ ಕೈಯಲ್ಲಿನ ಕಾರ್ಯಕ್ರಮ ಪುಸ್ತಿಕೆಯನ್ನು ತಿರುವಿ ಹಾಕುತ್ತಿದ್ದರು. ಆಗ ನಾನು ಮೊಗಸಾಲೆಯ ತಿರುವಿನಲ್ಲಿ ನಿಂತು "ಇತ್ತ ಎಡಕ್ಕೆ, ಅತ್ತ ಬಲಕ್ಕೆ" ಎನ್ನಬೇಕು. ಮರೆತುಹೋದ ಕನ್ನಡಕ, ಛತ್ರಿಗಳನ್ನು ಒಯ್ದು ಒಪ್ಪಿಸಬೇಕು. ಅನಂತ ಆಯಾಮಗಳಲ್ಲಿ ಸರಾಗವಾಗಿ ಸಂಚರಿಸುವ ಮಹನೀಯರು ಮೂರು ಆಯಾಮಗಳ ಆ ಕಟ್ಟಡದಲ್ಲಿ ಶೌಚಾಲಯ ಕಾಣದೆ ನಿಲ್ಲುವುದನ್ನು ನೋಡಿದಾಗ ನನ್ನ ಮನಸ್ಸಿಗೆ ಆದ ಸಮಾಧಾನವನ್ನು ಏನೆಂದು ಬಣ್ಣಿಸಲಿ!

ಒಂದು ಸಂಜೆ ಆಫ್ರಿಕಾದ ಕಡೆಯ ಒಬ್ಬ ತರುಣ ಪ್ರಾಧ್ಯಾಪಕರು ಊರಿನ ಫಲಕಗಳ ಲಿಪಿಯ ಬಗ್ಗೆ ವಿಚಾರಿಸಿದರು. ಅದು ತೆಲುಗು, ನನ್ನದು ಕನ್ನಡ, ಎರಡೂ ಅಕ್ಕತಂಗಿಯರು ಎಂದೆ. ನಂಬದೆ ನಕ್ಕರು. ಕಾಗದದ ಹಿಂಬದಿಯಲ್ಲಿ ೧, ೨, ೩ ಎಂದು ನಮ್ಮ ಅಂಕಿಗಳನ್ನು ಬರೆದೆ. ಪಕ್ಕದಲ್ಲಿದ್ದ ತೆಲುಗು ಹುಡುಗಿ ತನ್ನವನ್ನು ಬರೆದಳು. ಎರಡು ಸಾಲುಗಳೂ ಬಹುಮಟ್ಟಿಗೆ ಒಂದೇ! ಅವರು ಬಹಳ ಹೊತ್ತು ಅದನ್ನೇ ನೋಡಿ, ಕಾಗದವನ್ನು ಮಡಿಸಿ ಜೇಬಿಗೆ ಸೇರಿಸಿಕೊಂಡರು. ನಮ್ಮ ಶಾಲೆಗಳಲ್ಲಿ ಮಕ್ಕಳೇ ಮರೆಯುತ್ತಿರುವ ಅಂಕಿಗಳು ಎಲ್ಲೋ ದೂರದ ದೇಶದ ಒಂದು ಮನೆಗೆ ಹೋದವು.

ಬಾಗಿಲ ಬಳಿ ನಿಂತವನಿಗೆ ಉಪನ್ಯಾಸಗಳು ತುಂಡುತುಂಡಾಗಿ ಕೇಳಿಸುತ್ತವೆ. ವಿಷಯ ಅರ್ಥವಾಯಿತೆಂದು ಹೇಳಿದರೆ ನನ್ನ ಶಿಷ್ಯರೇ ನಗುತ್ತಾರೆ. ಆದರೆ ಒಬ್ಬರು ಪ್ರಶ್ನೆಗೆ ಉತ್ತರವಾಗಿ "ಇದು ನನಗೆ ತಿಳಿಯದು, ಯಾರಿಗೂ ತಿಳಿದಂತೆ ಕಾಣೆ" ಎಂದಾಗ ಸಭೆ ಹರ್ಷದಿಂದ ತಲೆಯಾಡಿಸಿದ್ದನ್ನು ಕಂಡೆ. ಮೂರು ದಶಕಗಳ ಕಾಲ ನಾನು ಪ್ರಮೇಯಗಳನ್ನು ಶಿಲಾಶಾಸನದಂತೆ ಬೋಧಿಸಿದವನು. ಗಣಿತ ಇನ್ನೂ ಒಲೆಯ ಮೇಲಿದೆ, ಬೇಯುತ್ತಿದೆ ಎಂಬುದು ಪಠ್ಯಪುಸ್ತಕದಿಂದ ತಿಳಿಯುವ ಸಂಗತಿಯಲ್ಲ. ಆ ಹುಡುಗಿಗೂ ತನ್ನ ವಿಷಯದಲ್ಲಿ ಇಂತಹ ಒಂದು ಕ್ಷಣ ದೊರೆತರೆ ಒಂದು ವಾರದ ಪಾಠ ಯಾವ ಲೆಕ್ಕ?

ಮತ್ತೊಂದು ದಿನ ವಿಶ್ವನಾಥನ್ ಆನಂದ್ ಬಂದು ನಲವತ್ತು ಮಂದಿಯೊಡನೆ ಏಕಕಾಲಕ್ಕೆ ಚದುರಂಗವಾಡಿದರು. ಒಂದು ಹಲಗೆಯಿಂದ ಮತ್ತೊಂದಕ್ಕೆ ಅವರು ಪಂಕ್ತಿಯಲ್ಲಿ ಸಾರು ಬಡಿಸುವವರಂತೆ ಸಾಗುತ್ತಿದ್ದರು. ಕೊನೆಗೆ ಅವರೊಡನೆ ಸಮ ಮಾಡಿಕೊಂಡವನು ಹದಿನಾಲ್ಕು ವರ್ಷದ ಒಬ್ಬ ಬಾಲಕ! ಮಿಕ್ಕವರೆಲ್ಲ ಸೋತರು. ಸೋತ ವಿದ್ವಾಂಸರ ಮುಖದಲ್ಲಿದ್ದ ಸಂತೋಷವನ್ನು ನಾನು ಪರೀಕ್ಷೆಯಲ್ಲಿ ಗೆದ್ದ ಮಕ್ಕಳ ಮುಖದಲ್ಲೂ ಕಂಡಿಲ್ಲ.

ಸೇವೆಯಲ್ಲಿ ಹಿರಿದು ಕಿರಿದೆಂಬ ಭೇದ ನಮ್ಮಲ್ಲಿ ಬಹಳ ಹಳೆಯ ರೋಗ. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಕಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಸ್ವಯಂಸೇವಕರು ಹೇಳಿದ ಕೆಲಸವನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಶೌಚಾಲಯ ಗಬ್ಬು ನಾರುತ್ತಿದ್ದರೂ ಅದು ತಮ್ಮ ಕೆಲಸವಲ್ಲವೆಂದರು. ಗಾಂಧೀಜಿ ಪೊರಕೆ ಕೇಳಿ ಪಡೆದು ತಾವೇ ಶುಚಿಗೊಳಿಸಿದರು. ಕಾರ್ಯದರ್ಶಿ ಘೋಷಾಲರ ಪತ್ರಗಳಿಗೆ ಉತ್ತರ ಬರೆದುಕೊಟ್ಟರು, ಅವರ ಅಂಗಿಯ ಗುಂಡಿಯನ್ನೂ ಹಾಕಿದರು. ಅದೇ ಗಾಂಧೀಜಿ 1924ರಲ್ಲಿ ನಮ್ಮ ಬೆಳಗಾವಿಯ ಅಧಿವೇಶನದ ಅಧ್ಯಕ್ಷರಾದಾಗ ಸೇವೆಗೆ ನಿಂತವರು ಹುಬ್ಬಳ್ಳಿಯ ಡಾ. ಹರ್ಡೀಕರರ ಸೇವಾದಳದವರು. ಆ ಪರಂಪರೆ ನಮ್ಮ ನೆಲದ್ದು. ಈಗಿನ ತಂದೆತಾಯಿಯರು ಮೊದಲು ಕೇಳುವುದು "ಪ್ರಮಾಣಪತ್ರ ಕೊಡುತ್ತಾರೆಯೇ?" ಎಂದು.

ಹಾಗೆಂದು ಸೇವೆಯ ಹೆಸರಿನಲ್ಲಿ ನಡೆಯುವುದೆಲ್ಲ ಸೇವೆಯಲ್ಲ. ನಾನು ಅತಿಥಿಯಾಗಿ ಹೋಗಿದ್ದ ಒಂದು ಸಮ್ಮೇಳನದಲ್ಲಿ ವಿದ್ಯಾರ್ಥಿನಿಯರನ್ನು ರೇಷ್ಮೆಸೀರೆ ಉಡಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಪನ್ನೀರುದಾನಿ ಹಿಡಿದು ಬಾಗಿಲಲ್ಲಿ ನಿಲ್ಲಿಸಿದ್ದರು. ಹುಡುಗರಿಗೆ ಮಾತ್ರ ವೇದಿಕೆಯ ಉಸ್ತುವಾರಿ. ಆ ಹುಡುಗಿಯರಿಗೆ ಕೂರಲು ಒಂದು ಪೀಠವೂ ಇರಲಿಲ್ಲ. ಊಟಕ್ಕೆ ಕರೆದದ್ದು ಅತಿಥಿಗಳೆಲ್ಲ ಉಂಡ ಮೇಲೆ. ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಸ್ವಯಂಸೇವೆಯೆಂದು ಕರೆದು ಹಣ ಉಳಿಸುವ ಸಂಘಟಕರೂ ಉಂಟು. ಮಗಳನ್ನು ಕಳುಹಿಸುವ ತಂದೆ ಅಲ್ಲಿ ಆಕೆಯ ಕೆಲಸವೇನು, ಊಟ ಎಷ್ಟು ಹೊತ್ತಿಗೆ, ರಾತ್ರಿ ಮನೆಗೆ ಮರಳುವ ಏರ್ಪಾಡೇನು, ಉಪನ್ಯಾಸ ಕೇಳಲು ಬಿಡುವುಂಟೇ ಎಂದು ಸಂಘಟಕರನ್ನು ಮುಖಾಮುಖಿ ಕೇಳಲಿ. ಕೇಳುವುದರಲ್ಲಿ ಸಂಕೋಚ ಬೇಡ. ಇವಕ್ಕೆ ಸರಿಯಾದ ಉತ್ತರವಿಲ್ಲದಿದ್ದರೆ ನನ್ನ "ಕಳುಹಿಸು" ಎಂಬ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ.

ಎಲ್ಲವೂ ಪರದೆಯ ಮೇಲೆ ದೊರೆಯುವಾಗ ಹೋಗುವುದೇಕೆ ಎಂದೂ ಅವನು ಕೇಳಿದ್ದ. 2022ರ ಗಣಿತ ಮಹಾಧಿವೇಶನ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಡೆಯಬೇಕಿತ್ತು. ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕಿಳಿದ ಕಾರಣ ಅದನ್ನು ಅಂತರಜಾಲಕ್ಕೆ ವರ್ಗಾಯಿಸಿ, ಪ್ರಶಸ್ತಿ ಪ್ರದಾನವನ್ನು ಮಾತ್ರ ಹೆಲ್ಸಿಂಕಿಯಲ್ಲಿ ನಡೆಸಿದರು. ಉಕ್ರೇನಿನಲ್ಲೇ ಹುಟ್ಟಿದ ಮರೀನಾ ವಿಯಾಜೊವ್‌ಸ್ಕಾ ಆ ವರ್ಷ ಫೀಲ್ಡ್ಸ್ ಪದಕ ಪಡೆದರು. ಆ ಪದಕ ಪಡೆದ ಎರಡನೆಯ ಮಹಿಳೆ ಆಕೆ. ನಾವು ಉಂಡೆಗಳನ್ನು ಡಬ್ಬಿಯಲ್ಲಿ ಒತ್ತಾಗಿ ಜೋಡಿಸುತ್ತೇವಲ್ಲ, ಎಂಟು ಆಯಾಮಗಳಲ್ಲಿ ಗೋಲಗಳನ್ನು ಹಾಗೆ ಜೋಡಿಸುವ ಅತ್ಯುತ್ತಮ ಕ್ರಮ ಯಾವುದೆಂದು ಸಾಧಿಸಿದವರು. ಸಮಾರಂಭವನ್ನು ನಾನು ಮನೆಯಲ್ಲೇ ಕುಳಿತು ಕಾಫಿ ಕುಡಿಯುತ್ತ ನೋಡಿದೆ. ಚಿತ್ರವೂ ಧ್ವನಿಯೂ ಸ್ಪಷ್ಟವಾಗಿದ್ದವು, ಒಂದು ಮಾತೂ ತಪ್ಪಿಹೋಗಲಿಲ್ಲ. ಆದರೆ ಇಂತಹ ಸಭಾಂಗಣ ಎಲ್ಲಿದೆಯೆಂದು ಯಾರೂ ನನ್ನನ್ನು ಕೇಳಲಿಲ್ಲ.